ಕರ್ತನ ಬರೋಣ ಹತ್ತಿರವೆಂದು ಕಾಫಿ ಸಸಿ ನೆಡದೆ ಕೂರುವುದು ಸರಿಯೇ?

ಸಿದ್ದಾಪುರದ ಟೀಚರಮ್ಮ:
ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ಮನೆಯ ಮಾತನ್ನು ಹೊರಗೆ ಹಾಕಬೇಡ ಎಂದು ಯಜಮಾನರು ಹೇಳಿದ್ದಾರೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇದು ನಮ್ಮೊಂದು ಮನೆಯ ಮಾತಲ್ಲ ಎಂದು ನನಗೆ ಅನ್ನಿಸುತ್ತಿದೆ.

ನನ್ನ ಮೈದುನನ ಪಾಲಿಗೆ ಮೂರು ಎಕರೆ ರೋಬಸ್ಟಾ ಕಾಫಿ ತೋಟ ಬಂದಿದೆ. ಅದರಲ್ಲಿ ಒಂದು ಎಕರೆಯ ಗಿಡಗಳು ಮಾವನವರ ಕಾಲದವು, ಇಳುವರಿ ಬಿದ್ದುಹೋಗಿದೆ. ಬೇಸಿಗೆಯಲ್ಲಿ ಅವನ್ನು ಕೀಳಿಸಿ ಗುಂಡಿ ತೆಗೆಸಿದ್ದ. ಮುಂಗಾರು ಹಿಡಿಯಿತು, ನಮ್ಮ ಕೊಡಗಿನ ಕಕ್ಕಡ ಮಾಸ ಅರ್ಧ ಕಳೆಯಿತು, ಗುಂಡಿಗಳಲ್ಲಿ ನೀರು ನಿಂತಿದೆಯೇ ಹೊರತು ಸಸಿ ಇಳಿಯಲಿಲ್ಲ. ಕೇಳಿದರೆ, "ಅತ್ತಿಗೆ, ಇವು ಫಸಲಿಗೆ ಬರುವುದಕ್ಕೆ ನಾಲ್ಕು ವರ್ಷ ಬೇಕು. ಅಷ್ಟರೊಳಗೆ ಕರ್ತನ ಬರೋಣವಾಗಿರುತ್ತದೆ. ಯಾರಿಗಾಗಿ ನೆಡಲಿ?" ಎನ್ನುತ್ತಾನೆ. ಬರೋಣವೆಂದರೆ ಯೇಸು ಕರ್ತನು ಲೋಕದ ಅಂತ್ಯದಲ್ಲಿ ತಿರುಗಿ ಬರುವುದು. ಮಗಳು ನರ್ಸಿಂಗ್ ಎರಡನೇ ವರ್ಷದಲ್ಲಿದ್ದಾಳೆ. ಅವಳ ಶುಲ್ಕ ಕಟ್ಟುವುದಕ್ಕೂ ಇದೇ ಉತ್ತರ.

ನಮ್ಮದು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮನೆತನ. ಅವನು ಈಚೆಗೆ ಬೇರೊಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಾನೆ, ರಾತ್ರಿಯೆಲ್ಲ ಮೊಬೈಲಿನಲ್ಲಿ ಬರೋಣದ ವಿಡಿಯೊಗಳನ್ನು ನೋಡುತ್ತಾನೆ. ಅವನ ಪರವಾಗಿಯೂ ಒಂದು ಮಾತು ಹೇಳಬೇಕು: ಆ ಕೂಟಕ್ಕೆ ಸೇರಿದ ಮೇಲೆ ಕುಡಿತವನ್ನು ಪೂರ್ತಿಯಾಗಿ ಬಿಟ್ಟಿದ್ದಾನೆ. ಹಾಗಾಗಿ ದಯವಿಟ್ಟು ಯಾರೂ ನಗಬೇಡಿ. "ಜೀವಂತರಿಗೂ ಸತ್ತವರಿಗೂ ನ್ಯಾಯತೀರಿಸಲು ಬರುವನು" ಎಂದು ನಾವೂ ಆರಾಧನೆಯಲ್ಲಿ ಎದ್ದು ನಿಂತು ಹೇಳುತ್ತೇವೆ. ನಾವು ಬಾಯಲ್ಲಿ ಹೇಳಿದ್ದನ್ನು ಅವನು ಮನಸ್ಸಿಗೆ ತೆಗೆದುಕೊಂಡಿದ್ದಾನೆ. ಹಾಗಿದ್ದರೆ ಅವನು ಎಲ್ಲಿ ತಪ್ಪಿದ್ದಾನೆ? ಸಿದ್ಧರಾಗಿರುವುದು ಎಂದರೆ ನಿಜವಾಗಿ ಏನು?

ಕರಿಮೆಣಸು ಬಳ್ಳಿ:
ಅಕ್ಕ, ಮೊದಲು ಗುಂಡಿಯ ನೀರು ಬಸಿದುಹೋಗುವ ಹಾಗೆ ಕಾಲುವೆ ಕಡಿಸಿ. ವೇದಾಂತ ಆಮೇಲೆ.

ಈಗ ವಿಷಯಕ್ಕೆ ಬರುತ್ತೇನೆ. ಈ ಕಾಯಿಲೆ ಹೊಸದಲ್ಲ. ಥೆಸಲೋನಿಕದ ಸಭೆಯಲ್ಲಿಯೇ ಇದು ಕಾಣಿಸಿಕೊಂಡಿತ್ತು. ಕರ್ತನ ದಿನ ಬಂದೇಬಿಟ್ಟಿತು ಎಂದು ಕೆಲವರು ಗಾಬರಿಯಾಗಿದ್ದರು, ಕೆಲವರು ಕೆಲಸ ಬಿಟ್ಟು ಕಂಡವರ ಮನೆಯಲ್ಲಿ ಉಣ್ಣುತ್ತಿದ್ದರು. ಪೌಲನು ಅವರಿಗೆ ಬರೆದ ಎರಡನೆಯ ಪತ್ರದ 3ನೇ ಅಧ್ಯಾಯದಲ್ಲಿ ಮುಲಾಜಿಲ್ಲದೆ ಹೇಳುತ್ತಾನೆ: ಕೆಲಸ ಮಾಡಲೊಲ್ಲದವನು ಊಟ ಮಾಡಬಾರದು. ಬರೋಣದ ಬಗ್ಗೆ ಅಷ್ಟೆಲ್ಲ ಬರೆದವನೇ ಹೀಗೆ ಹೇಳಿದ್ದು, ಅವನೇ ಡೇರೆ ಹೊಲಿದು ಬದುಕಿದ್ದು.

ಎಚ್ಚರವಾಗಿರಿ:
ಸಹೋದರರೇ, ನೀವು ಲೂಕ 17ನೇ ಅಧ್ಯಾಯವನ್ನೂ ಓದಬೇಕು. ಬೆಂಕಿಯಿಂದ ನಾಶವಾದ ಸೊದೋಮಿನಲ್ಲಿದ್ದ ಲೋಟನ ದಿನಗಳಲ್ಲಿ ಜನರು ಉಣ್ಣುತ್ತಿದ್ದರು, ಕುಡಿಯುತ್ತಿದ್ದರು, ಕೊಳ್ಳುತ್ತಿದ್ದರು, ಮಾರುತ್ತಿದ್ದರು, ನೆಡುತ್ತಿದ್ದರು, ಕಟ್ಟುತ್ತಿದ್ದರು. ಬೆಂಕಿ ಬಿದ್ದದ್ದು ಅಂಥ ದಿನವೇ. ನೆಡುವುದೂ ಆ ಪಟ್ಟಿಯಲ್ಲಿದೆ.

ನಾನು ಪೆಂಟೆಕೋಸ್ಟಲ್ ಸಭೆಯವನು. ದಿನಾಂಕ ಹೇಳುವವರನ್ನು ನಾನೂ ಒಪ್ಪುವುದಿಲ್ಲ. ಆದರೆ ಇಲ್ಲಿ ಎಲ್ಲರೂ ಒಂದು ಎಕರೆ ಗುಂಡಿಯ ಬಗ್ಗೆ ಚಿಂತಿಸುವುದನ್ನು ನೋಡಿದರೆ ಬೇಸರವಾಗುತ್ತದೆ. ಆ ಮನುಷ್ಯನ ಕುಡಿತ ಬಿಡಿಸಿದ್ದು ಯಾವ ಬೋಧನೆ? ನಿಮ್ಮ ದೊಡ್ಡ ಸಭೆಗಳಲ್ಲಿ ಕರ್ತನ ಬರೋಣದ ಮೇಲೆ ಪ್ರಸಂಗ ಕೇಳಿದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಿ. ಬೆಳೆ ಹಬ್ಬದ ಹರಾಜಿನಲ್ಲಿ ಬಾಳೆಗೊನೆ ಎಷ್ಟಕ್ಕೆ ಹೋಯಿತು ಎಂಬುದು ಎಲ್ಲರಿಗೂ ನೆನಪಿದೆ. ಆತನು ಬರುವನೆಂಬುದನ್ನು ಬೋಧಿಸಬೇಕಾದ ಕಡೆ ಬೋಧಿಸದಿದ್ದರೆ ಜನರು ಮೊಬೈಲಿನಲ್ಲಿಯೇ ಕಲಿಯುತ್ತಾರೆ. ಮದಲಿಂಗನಿಗಾಗಿ ಆರತಿ ಹಿಡಿದು ಕಾದ ಹತ್ತು ಮಂದಿ ಕನ್ಯೆಯರ ಸಾಮ್ಯದಲ್ಲಿ ಎಣ್ಣೆ ತಾರದವರು ಐದು ಮಂದಿ, ಆದರೆ ತೂಕಡಿಸಿದವರು ಹತ್ತೂ ಮಂದಿ.

ಸಿದ್ದಾಪುರದ ಟೀಚರಮ್ಮ:
ಹರಾಜಿನ ಮಾತು ಚುಚ್ಚಿತು, ಆದರೆ ಸುಳ್ಳಲ್ಲ.

ಕರಿಮೆಣಸು ಬಳ್ಳಿ:
ನೆಡುವುದು ಪಟ್ಟಿಯಲ್ಲಿದೆ, ಸರಿ. ಊಟವೂ ಪಟ್ಟಿಯಲ್ಲಿದೆ. ಅವನು ಊಟ ಬಿಟ್ಟಿದ್ದಾನೆಯೇ?

ಯೆರೆಮೀಯ 32ನ್ನು ನೋಡಿ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿಕೊಂಡಿದೆ, ಪ್ರವಾದಿ ಸೆರೆಯಲ್ಲಿದ್ದಾನೆ, ಪಟ್ಟಣ ಬೀಳುತ್ತದೆ ಎಂದು ಸಾರಿದವನೂ ಅವನೇ. ಆ ಹೊತ್ತಿನಲ್ಲಿ ದೇವರು ಅವನಿಗೆ ಅನಾತೋತಿನ ಹೊಲವನ್ನು ಕೊಂಡುಕೋ ಎನ್ನುತ್ತಾನೆ. ಅವನು 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು, ಸಾಕ್ಷಿಗಳ ರುಜು ಹಾಕಿಸಿ, ಮುದ್ರೆ ಹಾಕಿದ ಪತ್ರವನ್ನೂ ತೆರೆದ ಪತ್ರವನ್ನೂ ಮಣ್ಣಿನ ಮಡಕೆಯಲ್ಲಿ ಇಡಿಸುತ್ತಾನೆ, ಬಹುದಿನ ಉಳಿಯಲಿ ಎಂದು. ಬಾಣೆ (ಗದ್ದೆಗೆ ಸೇರಿದ ಗುಡ್ಡದ) ಜಮೀನಿನ ಕಾಗದಕ್ಕಾಗಿ ತಾಲ್ಲೂಕು ಕಚೇರಿ ಅಲೆದವರಿಗೆ ಈ ಅಧ್ಯಾಯ ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ನಾಳೆ ಶತ್ರುವಿನ ಪಾಲಾಗುವ ಹೊಲಕ್ಕೆ ಇಂದು ಕ್ರಯಪತ್ರ ಮಾಡಿಸುವುದು! ಅದು ಲೋಕದ ಆಸೆಯಲ್ಲ, ದೇವರು ಆಡಿದ ಮಾತಿನ ಮೇಲಿನ ನಂಬಿಕೆ.

ಹಳೇ ಕಡತ:
ಚರ್ಚೆಗೆ ಸ್ವಲ್ಪ ಇತಿಹಾಸ ಸೇರಿಸುತ್ತೇನೆ. ಮಡಿಕೇರಿಯಲ್ಲಿ ನಿವೃತ್ತನಾಗಿ ಕುಳಿತವನಿಗೆ ಮಳೆಗಾಲದಲ್ಲಿ ಬೇರೆ ಕೆಲಸವಿಲ್ಲ.

ದಿನಾಂಕ ಹೇಳಿ ಮುಖಭಂಗಪಟ್ಟವರ ಸಾಲು ಉದ್ದವಿದೆ. ಅಮೆರಿಕದ ವಿಲಿಯಂ ಮಿಲ್ಲರ್ ದಾನಿಯೇಲನ ಗ್ರಂಥದಿಂದ ಲೆಕ್ಕ ಹಾಕಿ ಆರಂಭಿಸಿದ ಚಳವಳಿ ಕೊನೆಗೆ 1844ರ ಅಕ್ಟೋಬರ್ 22 ಎಂಬ ದಿನಕ್ಕೆ ಬಂದು ನಿಂತಿತು. ಬೆಳೆ ಕೊಯ್ಯದೆ ಹೊಲದಲ್ಲಿಯೇ ಬಿಟ್ಟವರೂ ಇದ್ದರು. ಆ ದಿನ ಬಂತು, ಹೋಯಿತು. 2011ರ ಮೇ 21 ಎಂದು ಹೆರಾಲ್ಡ್ ಕ್ಯಾಂಪಿಂಗ್ ರೇಡಿಯೊದಲ್ಲಿ ಸಾರಿದರು, ರಸ್ತೆ ಬದಿಯಲ್ಲಿ ಫಲಕಗಳೂ ಎದ್ದವು. 2025ರ ಸೆಪ್ಟೆಂಬರ್ 23ರ ಸುದ್ದಿಯಂತೂ ಮೊಬೈಲಿನಿಂದ ಮೊಬೈಲಿಗೆ ಹಾರಿ ಬಂದದ್ದು.

ಆದರೆ ನಮಗೆ ಹೆಚ್ಚು ಹತ್ತಿರದ ಕಥೆ ಬೇರೆಯೇ ಇದೆ. ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ಬೆಂಗೆಲ್ ಎಂಬ ದೊಡ್ಡ ಬೈಬಲ್ ಪಂಡಿತರಿದ್ದರು, 1752ರಲ್ಲಿ ತೀರಿಕೊಂಡರು. ಬೈಬಲಿನ ಕೊನೆಯ ಪ್ರಕಟನೆ ಗ್ರಂಥವನ್ನು ಲೆಕ್ಕ ಹಾಕಿ 1836ನ್ನು ನಿರ್ಣಾಯಕ ವರ್ಷವೆಂದು ಅವರು ಬರೆದಿಟ್ಟಿದ್ದರು. ಅಲ್ಲಿಯ ಭಕ್ತಿಪಂಥದ ಮನೆಗಳಲ್ಲಿ ಆ ವರ್ಷ ಮನೆಮಾತಾಗಿತ್ತು. ಅದೇ ಸೀಮೆಯ ಪಾದ್ರಿ ಹರ್ಮನ್ ಮೋಗ್ಲಿಂಗ್ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದದ್ದು ಯಾವಾಗ ಗೊತ್ತೇ? ಅದೇ 1836ರಲ್ಲಿ. ಲೋಕ ಮುಗಿಯಲಿಲ್ಲ. ಆ ಮನುಷ್ಯ ಕನ್ನಡ ಕಲಿತರು, 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದರು. 1853ರ ಹೊತ್ತಿಗೆ ಕೊಡವರಾದ ಅಲ್ಮಂಡ ಸೋಮಯ್ಯನವರ ಕರೆಯ ಮೇಲೆ ಕೊಡಗಿಗೆ ಬಂದರು, ಜೀತದಲ್ಲಿ ನಲುಗಿದ್ದ ದಲಿತ ಕುಟುಂಬಗಳಿಗೆ ಆನಂದಪುರದಲ್ಲಿ ನೆಲೆ ಕಟ್ಟಿದರು. ಸಿದ್ದಾಪುರದಲ್ಲಿ ಕುಳಿತು ಪ್ರಶ್ನೆ ಕೇಳುತ್ತಿರುವ ಟೀಚರಮ್ಮನವರಿಗೆ ಆನಂದಪುರ ದೂರವೇನಲ್ಲ. ಕರ್ತನು ಬೇಗ ಬರುತ್ತಾನೆ ಎಂಬ ಗಾಳಿಯಲ್ಲಿ ಬೆಳೆದವರು ಇಲ್ಲಿ ಅಚ್ಚಿನ ಮೊಳೆ ಜೋಡಿಸಿದರು, ಶಾಲೆ ತೆರೆದರು. ಕೈ ಕಟ್ಟಿ ಕುಳಿತಿದ್ದರೆ ನಮ್ಮಲ್ಲಿ ಎಷ್ಟೋ ಮಂದಿಗೆ ಅಕ್ಷರವೇ ಸಿಗುತ್ತಿರಲಿಲ್ಲ.

ಇನ್ನೊಂದು ಮಾತು. ಅಂತ್ಯಕಾಲದ ಮಹಾಸಂಕಟಕ್ಕೆ ಮೊದಲೇ ಸಭೆಯು ರಹಸ್ಯವಾಗಿ ಎತ್ತಲ್ಪಡುತ್ತದೆ ಎಂಬ ಬೋಧನೆಯನ್ನು ಒಂದು ಕ್ರಮಕ್ಕೆ ತಂದು ಹರಡಿದವರು 1830ರ ದಶಕದ ಜಾನ್ ನೆಲ್ಸನ್ ಡಾರ್ಬಿ. 1909ರ ಸ್ಕೋಫೀಲ್ಡ್ ಟಿಪ್ಪಣಿ ಬೈಬಲ್ಲು ಅದನ್ನು ಮನೆಮನೆಗೆ ಮುಟ್ಟಿಸಿತು. ನಾಲ್ಕನೇ ಶತಮಾನದ ನೈಸಿಯದ ವಿಶ್ವಾಸಪ್ರಮಾಣದಲ್ಲಿ ಇರುವುದು ಆತನು ಮಹಿಮೆಯೊಡನೆ ತಿರುಗಿ ಬರುತ್ತಾನೆ ಎಂಬುದಷ್ಟೇ. ಉಳಿದ ನಕ್ಷೆ, ವೇಳಾಪಟ್ಟಿಗಳು ಬಹಳ ಈಚಿನವು.

ಎಚ್ಚರವಾಗಿರಿ:
ಹಿರಿಯರೇ, ಬೋಧನೆಗೆ ಹೆಸರಿಟ್ಟು ಕ್ರಮಪಡಿಸಿದ್ದು ಈಚೆಗೆ ಇರಬಹುದು. 1 ಥೆಸಲೋನಿಕ 4:17 ಈಚಿನದಲ್ಲ. ಜೀವದಿಂದುಳಿದವರು ಮೇಘಗಳಲ್ಲಿ ಎತ್ತಲ್ಪಟ್ಟು ಕರ್ತನನ್ನು ಎದುರುಗೊಳ್ಳುವರು ಎಂದು ಬರೆದಿದ್ದು ಡಾರ್ಬಿ ಅಲ್ಲ, ಪೌಲ. ಮೋಗ್ಲಿಂಗರ ವಿಷಯ ಒಳ್ಳೆಯದು. ಆದರೆ ಅದರಿಂದ ನನ್ನ ವಾದಕ್ಕೇ ಬಲ ಬರುತ್ತದೆ: ಬರೋಣದ ನಿರೀಕ್ಷೆ ಇದ್ದುದರಿಂದಲೇ ಅಷ್ಟು ದೂರ ಬಂದು ದುಡಿದರು.

ಹಳೇ ಕಡತ:
ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪೌಲನು ಆ ಮಾತನ್ನು ಬರೆದದ್ದು ಸತ್ತವರಿಗಾಗಿ ದುಃಖಿಸುತ್ತಿದ್ದವರನ್ನು ಸಂತೈಸಲು. ಅಧ್ಯಾಯದ ಕೊನೆಯ ವಚನ ಅದನ್ನೇ ಹೇಳುತ್ತದೆ. ಈಗ ಅದೇ ಮಾತಿನಿಂದ ಮಕ್ಕಳನ್ನು ಹೆದರಿಸುತ್ತಿದ್ದಾರೆ.

ಕಕ್ಕಡದ ಮಳೆ:
ನಾನು ಕ್ರೈಸ್ತನಲ್ಲ, ಕೊಡವ. ಪಕ್ಕದ ತೋಟದವರೆಲ್ಲ ನಿಮ್ಮವರೇ ಆದ್ದರಿಂದ ಓದುತ್ತಿದ್ದೇನೆ, ಒಂದು ಪ್ರಶ್ನೆ ಕೇಳಬಹುದೇ? ನಮ್ಮಲ್ಲಿ ತಲಕಾವೇರಿಯ ತೀರ್ಥೋದ್ಭವಕ್ಕೆ ಗಳಿಗೆ, ನಿಮಿಷದ ಲೆಕ್ಕ ಮೊದಲೇ ಬರುತ್ತದೆ, ಜನ ಆ ಹೊತ್ತಿಗೆ ಕೊಳದ ಸುತ್ತ ಸೇರುತ್ತಾರೆ. ಸುಗ್ಗಿಯ ಹಬ್ಬವಾದ ಪುತ್ತರಿಗೆ ಕದಿರು ಕೊಯ್ಯುವ ಮುಹೂರ್ತ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ತೀರ್ಮಾನವಾಗುತ್ತದೆ. ಗಳಿಗೆ ಗೊತ್ತಿದ್ದರೆ ಸಿದ್ಧವಾಗುವುದು ಸುಲಭ. ನಿಮ್ಮ ದೇವರು ಗಳಿಗೆಯನ್ನು ಏಕೆ ಮುಚ್ಚಿಟ್ಟ?

ಇನ್ನೊಂದು ಮಾತು, ಸ್ವಲ್ಪ ಖಾರವಾಗಿದ್ದರೆ ಕ್ಷಮಿಸಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ನಮ್ಮ ನೆಂಟರು ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಕ್ಕೆ ಬಂದಿದ್ದರು. ಆಗ ಕೆಲವರು ಕರಪತ್ರ ಹಿಡಿದುಕೊಂಡು ಬಂದು ಇದು ಅಂತ್ಯಕಾಲದ ಸೂಚನೆ ಎಂದರು. ಚಾಪೆಯ ಮೇಲೆ ಕುಳಿತವರಿಗೆ ಆ ಹೊತ್ತಿನಲ್ಲಿ ಅಂತ್ಯಕಾಲ ಬೇಕಿರಲಿಲ್ಲ, ಒಣಗಿದ ಕಂಬಳಿ ಬೇಕಿತ್ತು. ಅದನ್ನು ಕೊಟ್ಟವರಲ್ಲೂ ನಿಮ್ಮವರಿದ್ದರು, ಅದನ್ನು ಮರೆತಿಲ್ಲ.

ಬೆಟ್ಟದ ಗಂಟೆ:
ಕಕ್ಕಡದವರೇ, ಖಾರವೇನೂ ಇಲ್ಲ. ನಾನು ವಿರಾಜಪೇಟೆಯ ಕಥೋಲಿಕಳು. ಗೋಪುರ ಬಿದ್ದು 18 ಜನ ಸತ್ತಾಗ ಯೇಸುವೇ ಕೇಳಿದ್ದರು: ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ನೆನೆಸುತ್ತೀರೋ? ಅಲ್ಲ ಎಂದು ಅವರೇ ಉತ್ತರವನ್ನೂ ಕೊಟ್ಟರು. ಲೂಕನ 13ನೇ ಅಧ್ಯಾಯದಲ್ಲಿದೆ. ಕರಪತ್ರ ಹಿಡಿದು ಬಂದವರು ಆ ಪುಟವನ್ನು ತಿರುಗಿಸಿರಲಿಲ್ಲ.

ಗಳಿಗೆ ಏಕೆ ಗೊತ್ತಿಲ್ಲ ಎಂಬ ಪ್ರಶ್ನೆ ನಿಜವಾಗಿಯೂ ಒಳ್ಳೆಯದು. ಆ ದಿನವಾಗಲಿ ಗಳಿಗೆಯಾಗಲಿ ದೂತರಿಗೂ ತಿಳಿಯದು, ಸುತನಿಗೂ ತಿಳಿಯದು ಎಂದು ಮಾರ್ಕ 13ರಲ್ಲಿ ಸ್ವತಃ ಯೇಸು ಹೇಳುತ್ತಾರೆ. ನನಗೆ ತೋಚುವ ಕಾರಣ ಇಷ್ಟು: ತಪಾಸಣೆ ಯಾವ ದಿನ ಎಂದು ಗೊತ್ತಿರುವ ಆಸ್ಪತ್ರೆ ಆ ಒಂದು ದಿನ ಮಾತ್ರ ನೆಲ ಒರೆಸುತ್ತದೆ. ತೀರ್ಥೋದ್ಭವದಲ್ಲಿ ನೀವು ಒಂದು ಸ್ಥಳಕ್ಕೆ ಹೋಗಿ ದರ್ಶನ ಪಡೆಯುತ್ತೀರಿ. ನಮ್ಮಲ್ಲಿ ಬರುವವರು ಲೆಕ್ಕ ಕೇಳುವುದಕ್ಕೆ ಬರುತ್ತಾರೆ. ಎರಡೂ ಬೇರೆ ಬೇರೆ ರೀತಿಯ ಕಾಯುವಿಕೆ.

ನಮ್ಮ ಹಿರಿಯರ ಮಾತು ಹೇಳುತ್ತೇನೆ. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ, ಅಲ್ಲಿಂದ ತಪ್ಪಿಸಿಕೊಂಡು ಬಂದ ಕೆಲವರಿಗೆ ಕೊಡಗಿನಲ್ಲಿ ಆಶ್ರಯ ಸಿಕ್ಕಿತು. ಕೊಡಗಿನ ಅರಸ ದೊಡ್ಡವೀರರಾಜೇಂದ್ರನ ಬೆಂಬಲದಿಂದ 1792ರಲ್ಲಿ ವಿರಾಜಪೇಟೆಯಲ್ಲಿ ಸಂತ ಅನ್ನಮ್ಮನವರ ದೇವಾಲಯ ಎದ್ದಿತು. ಲೋಕಾಂತ್ಯವೇ ಬಂತು ಎಂದು ನಂಬುವುದಕ್ಕೆ ಯಾರಿಗಾದರೂ ಕಾರಣವಿದ್ದರೆ ಅದು ಅವರಿಗೆ ಇತ್ತು. ಅವರು ತಲೆಮಾರುಗಳವರೆಗೆ ನಿಲ್ಲುವ ಗುಡಿಗೆ ಅಡಿಗಲ್ಲು ಹಾಕಿದರು. ಅದಕ್ಕೆ ಒಬ್ಬ ಹಿಂದೂ ಅರಸ ನೆರವಾದ.

ನಮ್ಮ ಸಭೆಯಲ್ಲಿ ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ವಾರಗಳ ವಾಚನಗಳು ಹೆಚ್ಚಾಗಿ ಪುನರಾಗಮನದ ಕಡೆ ನೋಡುತ್ತವೆ. ಡಿಸೆಂಬರ್ 17ರಿಂದಷ್ಟೇ ಗೋದಲಿಯ ಕಡೆ ತಿರುಗುತ್ತವೆ. ನಕ್ಷತ್ರ ಕಟ್ಟುವ ಗಡಿಬಿಡಿಯಲ್ಲಿ ಅದು ಯಾರ ಕಿವಿಗೂ ಬೀಳುವುದಿಲ್ಲ, ಅದು ಬೇರೆ ಮಾತು. ನವೆಂಬರ್ 2ರಂದು ಸಮಾಧಿಗಳ ಹುಲ್ಲು ಕಿತ್ತು ಮೇಣದ ಬತ್ತಿ ಹಚ್ಚುವಾಗ ಮಾತ್ರ ಬೇರೆ ಲೆಕ್ಕ ನೆನಪಾಗುತ್ತದೆ: ಲೋಕದ ಅಂತ್ಯ ಯಾವಾಗಲೋ, ನನ್ನ ಅಂತ್ಯ ಹತ್ತಿರವಿದೆ. ಒಂದೇ ಸಾರಿ ಸಾಯುವುದೂ ಆಮೇಲೆ ನ್ಯಾಯತೀರ್ಪೂ ಮನುಷ್ಯರಿಗೆ ನೇಮಕವಾಗಿದೆ ಎಂದು ಇಬ್ರಿಯರಿಗೆ ಬರೆದ ಪತ್ರದಲ್ಲಿದೆ.

ರಾತ್ರಿ ಪಾಳಿ:
ಕುಶಾಲನಗರದ ಕಡೆ ನರ್ಸ್ ಆಗಿದ್ದೇನೆ. ಸಾಯುವವರ ಹತ್ತಿರ ಕುಳಿತ ಅನುಭವದಿಂದ ಎರಡು ಮಾತು.

ಪ್ರಕಟನೆಯ ಏಳು ಮುದ್ರೆಗಳ ಬಗ್ಗೆ ಆ ಹೊತ್ತಿನಲ್ಲಿ ಯಾರೂ ಕೇಳಿಲ್ಲ. ಒಬ್ಬ ಅಜ್ಜಿ ಆಮ್ಲಜನಕದ ಮುಖವಾಡವನ್ನು ಎಳೆದು ಕೆಳಗಿಳಿಸಿ ಮಗನಿಗೆ ಹೇಳಿದ್ದು ಹೀಗೆ: "ಕಣಕ್ಕೆ ಹಾಸುವ ತಾರ್ಪಾಲು ನಮ್ಮದಲ್ಲ, ಮೇಲಿನ ಮನೆಯವರದು. ಮೂಲೆಯಲ್ಲಿ ಇಲಿ ಕಚ್ಚಿದೆ. ಹೊಲಿಸಿ ಕೊಡು, ಹಾಗೆಯೇ ಕೊಡಬೇಡ." ಮುಖವಾಡವನ್ನು ತಾನೇ ಮತ್ತೆ ಮೇಲಕ್ಕೆ ಎಳೆದುಕೊಂಡರು. ಮೇಲಿನ ಮನೆಯವರೊಡನೆ ಮಾತು ನಿಂತು ಎಷ್ಟೋ ವರ್ಷವಾಗಿತ್ತಂತೆ, ಮಗ ಆಮೇಲೆ ಹೇಳಿದ. ಕನ್ಯೆಯರ ಆರತಿಯ ಎಣ್ಣೆ ಎಂದರೆ ಏನು ಎಂದು ಯಾರಾದರೂ ವ್ಯಾಖ್ಯಾನ ಮಾಡಿದಾಗಲೆಲ್ಲ ನನಗೆ ಆ ತಾರ್ಪಾಲು ನೆನಪಾಗುತ್ತದೆ.

ಟೀಚರಮ್ಮ, ಆ ಹುಡುಗಿಯ ಶುಲ್ಕವನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. "ರೋಗದಲ್ಲಿದ್ದೆನು, ನನ್ನನ್ನು ಆರೈಕೆ ಮಾಡಿದಿರಿ" ಎಂಬುದು ಮತ್ತಾಯ 25ರ ನ್ಯಾಯತೀರ್ಪಿನ ಪ್ರಶ್ನೆಪತ್ರಿಕೆಯಲ್ಲಿಯೇ ಇದೆ. ಆ ಪಾಠ ಓದುತ್ತಿರುವ ಮಗಳನ್ನು ನ್ಯಾಯತೀರ್ಪು ಹತ್ತಿರ ಬಂತೆಂದು ಮನೆಗೆ ಕರೆಯುವುದೇ?

ನಿರ್ವಾಹಕ:
ದಿನಾಂಕ ಹೇಳುವ ಎರಡು ವಿಡಿಯೊಗಳನ್ನು ಇಲ್ಲಿಂದ ತೆಗೆದಿದ್ದೇನೆ. ಮತ್ತೆ ಹಾಕಬೇಡಿ.

ಲೈನ್ ಮನೆ ಹುಡುಗ:
ಎಲ್ಲರೂ ದೊಡ್ಡ ದೊಡ್ಡ ಮಾತು ಬರೆದಿದ್ದೀರಿ. ನನ್ನದು ಸಣ್ಣ ಪ್ರಶ್ನೆ, ಟೀಚರಮ್ಮನವರಿಗೆ. ಆ ಗುಂಡಿ ತೋಡಿದವರು ಯಾರು? ಅವರ ಕೂಲಿ ಕೊಟ್ಟಾಗಿದೆಯೇ?

ಏಕೆ ಕೇಳುತ್ತೇನೆ ಎಂದರೆ, ನನ್ನ ತಂದೆ ತಾಯಿ ತೋಟದ ಕೆಲಸಗಾರರು. "ಕರ್ತನು ನೋಡಿಕೊಳ್ಳುತ್ತಾನೆ" ಎಂಬ ಮಾತನ್ನು ಕೂಲಿ ಕೇಳಲು ಹೋದಾಗ ಕೇಳಿಸಿಕೊಂಡವರು. ಯಾಕೋಬನ ಪತ್ರದ 5ನೇ ಅಧ್ಯಾಯವನ್ನು ಒಮ್ಮೆ ಒಟ್ಟಿಗೆ ಓದಿ. 4ನೇ ವಚನದಲ್ಲಿ ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ. 7ನೇ ವಚನದಲ್ಲಿ ಬೇಸಾಯಗಾರನು ಮುಂಗಾರು ಹಿಂಗಾರು ಮಳೆಗಾಗಿ ತಾಳ್ಮೆಯಿಂದ ಕಾಯುತ್ತಾನೆ. 8ನೇ ವಚನದಲ್ಲಿ ಕರ್ತನ ಬರೋಣ ಹತ್ತಿರವಾಯಿತು. ಮೂರೂ ಒಂದೇ ಉಸಿರಿನಲ್ಲಿ ಇವೆ. ಜನರು 8ನೆಯದನ್ನು ಮಾತ್ರ ಕತ್ತರಿಸಿ ಗೋಡೆಗೆ ಅಂಟಿಸುತ್ತಾರೆ.

ಕರಿಮೆಣಸು ಬಳ್ಳಿ:
ಶಹಬ್ಬಾಸ್ ತಮ್ಮ. ಕಾಫಿ ಅರಳಿಸುವ ಹೂ ಮಳೆ ಬಿದ್ದು, ಆಮೇಲೆ ಕಾಯಿ ಕಟ್ಟುವುದಕ್ಕೆ ಹಿಂಬಾಲಿಸುವ ಮಳೆ ಬರಲಿಲ್ಲ ಎಂದು ಆಕಾಶ ನೋಡುವ ನಮಗೆ 7ನೇ ವಚನಕ್ಕೆ ಪ್ರಸಂಗವೇ ಬೇಡ. ಮತ್ತೆ, ಕಾಯುತ್ತಾನೆ ಎಂದರೆ ಏನೋ ನೆಟ್ಟಿದ್ದಾನೆ ಎಂದೇ ಅರ್ಥ ತಾನೇ? ಬರೀ ಗುಂಡಿಯ ಮುಂದೆ ನಿಂತು ಯಾರೂ ಹಿಂಗಾರಿಗೆ ಕಾಯುವುದಿಲ್ಲ.

ಅಕ್ಕ, ಇನ್ನೊಂದು ಕೇಳುತ್ತೇನೆ, ಸಿಟ್ಟಾಗಬೇಡಿ. ಅವನ ಅಟ್ಟದಲ್ಲಿ ಮೆಣಸಿನ ಮೂಟೆ ಇದೆಯೇ?

ಸಿದ್ದಾಪುರದ ಟೀಚರಮ್ಮ:
ಎರಡು ಪ್ರಶ್ನೆಗೂ ಉತ್ತರ ಕೊಡಲು ನಾಚಿಕೆಯಾಗುತ್ತದೆ. ಗುಂಡಿಯ ಕೂಲಿ ಅರ್ಧ ಬಾಕಿಯಿದೆ. ಮೂಟೆಗಳು ಇವೆ. ಬೆಲೆ ಇನ್ನೂ ಏರಲಿ ಎಂದು ಇಟ್ಟುಕೊಂಡಿದ್ದಾನೆ.

ಕರಿಮೆಣಸು ಬಳ್ಳಿ:
ನಾಲ್ಕು ವರ್ಷದೊಳಗೆ ಲೋಕ ಮುಗಿಯುತ್ತದೆ, ಆದರೆ ಮೆಣಸಿನ ಬೆಲೆ ಅದಕ್ಕೆ ಮೊದಲು ಏರುತ್ತದೆ! ಇಷ್ಟು ನಂಬಿಕೆ ನನಗೂ ಇಲ್ಲ.

ಎಚ್ಚರವಾಗಿರಿ:
ನಗುವುದು ಬೇಡ ಎಂದು ಆ ತಾಯಿ ಮೊದಲೇ ಕೇಳಿಕೊಂಡಿದ್ದರು.

ಆದರೂ ಈ ಒಂದು ವಿಷಯದಲ್ಲಿ ನಾನು ಲೈನ್ ಮನೆಯ ತಮ್ಮನ ಪಕ್ಷ. ಕರ್ತನು ಬರುವನೆಂದು ನಂಬುವವನು ಮೊದಲು ತೀರಿಸಬೇಕಾದದ್ದು ಕೂಲಿಯ ಬಾಕಿಯನ್ನು. ಸುಂಕದವನಾದ ಜಕ್ಕಾಯನು ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಎಂದ ಮೇಲೆಯೇ ಯೇಸುವಿನ ಬಾಯಿಂದ "ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು" ಎಂಬ ಮಾತು ಬಂದದ್ದು. ಟೀಚರಮ್ಮ, ನಿಮ್ಮ ಮಾತನ್ನು ಅವರು ಕೇಳಲಿಕ್ಕಿಲ್ಲ, ಅತ್ತಿಗೆಯ ಬುದ್ಧಿವಾದ ಎಂದುಕೊಳ್ಳಬಹುದು. ಸಿ.ಎಸ್.ಐ. ಅಯ್ಯನವರು (ಪಾದ್ರಿಗಳು) ಹೋದರೆ ತಣ್ಣಗಿನ ಸಭೆಯವರು ಎನ್ನಬಹುದು. ನಾನು ಹೋಗುತ್ತೇನೆ, ಭಾನುವಾರ ಮಧ್ಯಾಹ್ನ. ಬರೋಣವನ್ನು ಅವರಷ್ಟೇ ನಂಬುವವನು ನಾನು. ಒಂದು ಷರತ್ತು: ಈ ಸಲ ನಿಮ್ಮ ಸಭೆಯಲ್ಲಿ ಆಗಮನ ಕಾಲದ ಒಂದು ಭಾನುವಾರವಾದರೂ ಈ ವಿಷಯದ ಮೇಲೆ ಪ್ರಸಂಗ ಮಾಡಲು ಅಯ್ಯನವರಿಗೆ ಹೇಳಬೇಕು.

ಸಿದ್ದಾಪುರದ ಟೀಚರಮ್ಮ:
ಒಪ್ಪಿದೆ. ಅಯ್ಯನವರಿಗೆ ಇಂದೇ ಹೇಳುತ್ತೇನೆ. ವಿಳಾಸವನ್ನು ಖಾಸಗಿಯಾಗಿ ಕಳುಹಿಸುತ್ತೇನೆ.

ಬೆಟ್ಟದ ಗಂಟೆ:
ಹೋಗುವಾಗ ಕೊಡೆ ಮರೆಯಬೇಡಿ, ಗಾಳಿಬೀಡು ಕಡೆಯಿಂದ ಗಾಳಿ ಜೋರಾಗಿದೆ ಎನ್ನುತ್ತಿದ್ದಾರೆ. ಏನಾಯಿತು ಎಂದು ಬರೆಯಿರಿ.

ಸಿದ್ದಾಪುರದ ಟೀಚರಮ್ಮ:
ಕೇಳಿದವರಿಗಾಗಿ ಬರೆಯುತ್ತಿದ್ದೇನೆ. ಸಹೋದರರು ಬಂದಿದ್ದರು. ಯಾಕೋಬ 5ನ್ನು ಮೊದಲ ವಚನದಿಂದ ಮೈದುನನ ಕೈಯಲ್ಲಿಯೇ ಓದಿಸಿದರು. 4ನೆಯದಕ್ಕೆ ಬಂದಾಗ ಅವನ ದನಿ ಸಣ್ಣದಾಯಿತು, ನಾನು ಅಡುಗೆಮನೆಯಲ್ಲಿದ್ದೆ, ಕೇಳಿಸಿತು. ಮರುದಿನ ಮೂಟೆಗಳಲ್ಲಿ ಒಂದನ್ನು ಮಾರಿ ಕೂಲಿಯ ಬಾಕಿ ಕೊಟ್ಟಿದ್ದಾನೆ. ಮಗಳ ಶುಲ್ಕವನ್ನು ನಮ್ಮ ಯಜಮಾನರು ಸದ್ಯಕ್ಕೆ ಕಟ್ಟಿದ್ದಾರೆ, ಅವನು ಬೇಡವೆನ್ನಲಿಲ್ಲ. ಸಸಿಯ ವಿಷಯದಲ್ಲಿ ಇನ್ನೂ ಹಟ ಬಿಟ್ಟಿಲ್ಲ. "ನೋಡೋಣ ಅತ್ತಿಗೆ" ಎಂಬಲ್ಲಿಗೆ ಬಂದಿದ್ದಾನೆ. ವಿಡಿಯೊಗಳೂ ನಿಂತಿಲ್ಲ.

ಎಚ್ಚರವಾಗಿರಿ:
ಅವರ ಪ್ರಾರ್ಥನೆಯಲ್ಲಿ ಪ್ರಾಮಾಣಿಕತೆ ಇದೆ. ಅಷ್ಟು ಬೇಗ ಯಾರೂ ತೀರ್ಪು ಕೊಡಬೇಡಿ. ನಾನು ಮತ್ತೆ ಹೋಗುತ್ತೇನೆ.

ಕರಿಮೆಣಸು ಬಳ್ಳಿ:
ಸಸಿ ಬೇಕಾದರೆ ನನ್ನ ನರ್ಸರಿಯಲ್ಲಿ ಸಿಎಕ್ಸ್‌ಆರ್ ತಳಿಯ ರೋಬಸ್ಟಾ ಸಸಿಗಳು ಉಳಿದಿವೆ, ಚೀಲದಲ್ಲಿ ಚೆನ್ನಾಗಿ ಬೇರು ಬಿಟ್ಟಿವೆ. ಒಂದು ಎಕರೆಗೆ ಆಗುವಷ್ಟನ್ನು ಜೀಪಿನಲ್ಲಿ ಹಾಕಿ ಕಳುಹಿಸುತ್ತೇನೆ, ಹಣ ನಿಧಾನವಾಗಿ ಕೊಡಲಿ. ಆದರೆ ತಡ ಮಾಡಬಾರದು, ಮಳೆ ಹಿಂದೆ ಸರಿದ ಮೇಲೆ ನೆಟ್ಟರೆ ಬೇಸಿಗೆಗೆ ಒಣಗುತ್ತವೆ.

ಸಿದ್ದಾಪುರದ ಟೀಚರಮ್ಮ:
ಕಳುಹಿಸಬೇಡಿ ಅಣ್ಣ. ಅವನೇ ಬಂದು ಕೇಳಲಿ.